ಹವಳದ ಅಕ್ವೇರಿಯಂಗೆ ಮನೆಯಲ್ಲೇ ಎಲ್‌ಇಡಿ ದೀಪ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವವರು ದೀಪವನ್ನು ತಾವೇ ಕಟ್ಟಲು ಹೊರಟಾಗ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಲೆಕ್ಕ ಬಂದಲ್ಲೆಲ್ಲ ಒಂದೇ ತೊಟ್ಟಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಉದ್ದ 60 ಸೆಂಟಿಮೀಟರ್, ಅಗಲ 45, ಎತ್ತರ 45, ಅಂದರೆ ಸುಮಾರು 120 ಲೀಟರ್ ನೀರು. ನಿಮ್ಮ ತೊಟ್ಟಿ ಇದಕ್ಕಿಂತ ದೊಡ್ಡದಿರಲಿ, ಚಿಕ್ಕದಿರಲಿ, ಲೆಕ್ಕ ಹಾಕುವ ಕ್ರಮ ಇದೇ.

ಮೀನಿನ ತೊಟ್ಟಿಗೆ ಸಾಲುವ ದೀಪ ಹವಳಕ್ಕೆ ಏಕೆ ಸಾಲದು?

ಮೀನಿಗೆ ಬೆಳಕು ಹಗಲು ರಾತ್ರಿಗಳ ಗುರುತು. ಹವಳಕ್ಕೆ ಅದು ಆಹಾರ. ನಾವು ಸಾಕುವ ಬಹುಪಾಲು ಹವಳಗಳ ಅಂಗಾಂಶದೊಳಗೆ ಜೂಜಾಂಥೆಲೇ ಎಂಬ ಏಕಕೋಶ ಪಾಚಿಗಳು ವಾಸಿಸುತ್ತವೆ. ಇವು ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಸಕ್ಕರೆ ಮತ್ತಿತರ ಪೋಷಕಗಳ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ, ಹವಳ ತನ್ನ ಸುಣ್ಣದ ಅಸ್ಥಿಪಂಜರವನ್ನು ಕಟ್ಟಿಕೊಳ್ಳುವ ಶಕ್ತಿಯೂ ಮುಖ್ಯವಾಗಿ ಅಲ್ಲಿಂದಲೇ ಬರುತ್ತದೆ. ಬೆಳಕು ಕಡಿಮೆಯಾದರೆ ಹವಳ ಮೊದಲು ಕಂದುಬಣ್ಣಕ್ಕೆ ತಿರುಗಿ, ಬೆಳವಣಿಗೆ ನಿಂತು, ನಿಧಾನವಾಗಿ ಸೊರಗುತ್ತದೆ. ಬೆಳಕು ಒಮ್ಮೆಲೇ ಮಿತಿಮೀರಿದರೆ ಒಳಗಿನ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಈ ಎರಡರ ನಡುವೆ ದೀಪವನ್ನು ನಿಲ್ಲಿಸುವುದೇ ನಮ್ಮ ಕೆಲಸ.

ಎಷ್ಟು ಬೆಳಕು ಬೇಕು, ಅದನ್ನು ಅಳೆಯುವುದು ಹೇಗೆ?

ಇಲ್ಲಿ ವ್ಯಾಟ್ ಮತ್ತು ಲ್ಯೂಮೆನ್‌ಗಳನ್ನು ನಂಬಿ ಕೂರಬಾರದು. ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವ ಬೆಳಕನ್ನು, ಅಂದರೆ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು, ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದರ ಮಾನ ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಬೀಳುವ ಮೈಕ್ರೊಮೋಲ್ ಫೋಟಾನುಗಳು. ಉಷ್ಣವಲಯದ ನಡುಮಧ್ಯಾಹ್ನ ಸಮುದ್ರದ ಮೇಲ್ಮೈಯಲ್ಲಿ ಇದು ಸುಮಾರು 2000 ಮುಟ್ಟುತ್ತದೆ. ತೊಟ್ಟಿಯ ಹವಳಗಳಿಗೆ ಅಷ್ಟು ಬೇಡ. ಅಣಬೆ ಹವಳ, ತೊಗಲು ಹವಳಗಳಂಥ ಮೃದು ಜಾತಿಗಳಿಗೆ 50ರಿಂದ 150, ದಪ್ಪ ಪಾಲಿಪ್‌ಗಳ (ಪಾಲಿಪ್ ಎಂದರೆ ಹವಳದ ಸಮೂಹದಲ್ಲಿನ ಒಂದೊಂದು ಪುಟ್ಟ ಜೀವಿ) ಗಟ್ಟಿ ಹವಳಗಳಿಗೂ ಹೆಚ್ಚುಕಡಿಮೆ ಅಷ್ಟೇ, ಅಕ್ರೊಪೋರಾದಂಥ ಕವಲೊಡೆಯುವ ಸಣ್ಣ ಪಾಲಿಪ್ ಹವಳಗಳಿಗೆ 200ರಿಂದ 350 ಎಂದು ಹಿಡಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ.

ಲಕ್ಸ್ ಮೀಟರು ಸುಲಭವಾಗಿ ಸಿಗುತ್ತದೆಂದು ಅದರಿಂದ ಅಳೆದು ಮೋಸಹೋಗುವವರು ಬಹಳ. ಆ ಉಪಕರಣ ಮನುಷ್ಯನ ಕಣ್ಣಿನ ಸಂವೇದನೆಗೆ ಹೊಂದಿಸಿದ್ದು. ಅದು 555 ನ್ಯಾನೊಮೀಟರಿನ ಹಸಿರುಹಳದಿ ಬೆಳಕಿಗೆ ಪೂರ್ತಿ ಬೆಲೆ ಕೊಟ್ಟರೆ, 450 ನ್ಯಾನೊಮೀಟರಿನ ನೀಲಿಗೆ ಕೊಡುವುದು ಅದರ ನೂರಕ್ಕೆ ನಾಲ್ಕರಷ್ಟು ಮಾತ್ರ. ಹವಳದ ದೀಪವೆಂದರೆ ಬಹುತೇಕ ನೀಲಿ ಬೆಳಕು. ಮೀಟರು ಕಡಿಮೆ ತೋರಿಸುತ್ತಿದೆ ಎಂದು ದೀಪ ಏರಿಸುತ್ತ ಹೋದರೆ ಹವಳ ಸುಡುತ್ತದೆ. ನೀಲಿ ಬೆಳಕನ್ನು ಸರಿಯಾಗಿ ಓದಬಲ್ಲ, ನೀರಿನೊಳಗೆ ಬಳಸುವ ಪಾರ್ ಮೀಟರನ್ನು ಒಂದು ದಿನಕ್ಕೆ ಯಾರಿಂದಲಾದರೂ ಎರವಲು ಪಡೆದು, ಕಲ್ಲಿನ ತುದಿ, ನಡುಭಾಗ, ಮರಳು, ಮೂಲೆಗಳು ಹೀಗೆ ಹತ್ತು ಹನ್ನೆರಡು ಕಡೆ ಅಳೆದು ಬರೆದಿಟ್ಟುಕೊಳ್ಳುವುದು ಉತ್ತಮ. ಆ ಒಂದು ಹಾಳೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಯಾವ ಬಣ್ಣದ ಎಲ್‌ಇಡಿಗಳನ್ನು, ಯಾವ ಪ್ರಮಾಣದಲ್ಲಿ ಹಾಕಬೇಕು?

ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿಯ ವರ್ಣದ್ರವ್ಯಗಳಾದ ಕ್ಲೋರೊಫಿಲ್ ಎ, ಕ್ಲೋರೊಫಿಲ್ ಸಿ ಮತ್ತು ಪೆರಿಡಿನಿನ್‌ಗಳು ನೀಲಿಯ ಸುತ್ತಮುತ್ತಲೇ ಚೆನ್ನಾಗಿ ಬೆಳಕು ಹೀರುತ್ತವೆ. ಆದ್ದರಿಂದ ದೀಪದ ಬೆನ್ನೆಲುಬು ರಾಯಲ್ ಬ್ಲೂ, ಅಂದರೆ 445ರಿಂದ 455 ನ್ಯಾನೊಮೀಟರ್. ಹವಳದ ಹಸಿರು ಹೊಳಪು ಮೂಡುವುದೂ ಹೆಚ್ಚಾಗಿ ನೀಲಿ ಬೆಳಕು ಅದರ ಪ್ರತಿದೀಪ್ತ ಪ್ರೋಟೀನುಗಳ ಮೇಲೆ ಬಿದ್ದಾಗ. ಇಂದು ನಾವು ಸಲೀಸಾಗಿ ಬಳಸುವ ಈ ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಾಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿದೆ. ಅವರ ಶ್ರಮವಿಲ್ಲದಿದ್ದರೆ ನಾವಿನ್ನೂ 250 ವ್ಯಾಟಿನ ಮೆಟಲ್ ಹಾಲೈಡ್ ಬಲ್ಬುಗಳ ಕಾವಿನಲ್ಲಿ ತೊಟ್ಟಿಯ ನೀರನ್ನು ತಣಿಸುತ್ತ ಕೂರಬೇಕಿತ್ತು.

ನಾನು ಬಳಸಿ ತೃಪ್ತಿಪಟ್ಟ ಪ್ರಮಾಣ ಎರಡು ಪಾಲು ನೀಲಿಗೆ ಒಂದು ಪಾಲು ಬಿಳಿ. ನೀಲಿಯ ಪಾಲಿನಲ್ಲಿ ಆರಕ್ಕೆ ಒಂದರಂತೆ 410ರಿಂದ 430 ನ್ಯಾನೊಮೀಟರಿನ ನೇರಳೆಯನ್ನು ಸೇರಿಸಬಹುದು. ಬಿಳಿಯ ಛಾಯೆಯನ್ನು ಕೆಲ್ವಿನ್ನಿನಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ ವಾಲುತ್ತದೆ. ಬಿಳಿಗೆ 6500 ಕೆಲ್ವಿನ್‌ಗಿಂತ 4000ದಿಂದ 5000 ಕೆಲ್ವಿನ್ನಿನ ನ್ಯೂಟ್ರಲ್ ವೈಟ್ ನನಗೆ ಹೆಚ್ಚು ಹಿಡಿಸಿದೆ, ಏಕೆಂದರೆ ನೀಲಿ ಹೇಗೂ ಬೇರೆ ಎಲ್‌ಇಡಿಗಳಿಂದ ಧಾರಾಳವಾಗಿ ಬರುತ್ತಿದೆ, ಕೊರತೆಯಿರುವುದು ಬೆಚ್ಚಗಿನ ಬಣ್ಣಗಳದ್ದು.

ಕೆಂಪು, ಹಸಿರು ಎಲ್‌ಇಡಿಗಳು ಬೇಕೇ?

ಹವಳದ ಬೆಳವಣಿಗೆಗೆ ಅಗತ್ಯವಿಲ್ಲ. ನೋಟಕ್ಕಾಗಿ ಒಂದೆರಡು ಹಾಕುವುದಿದ್ದರೆ ಅವುಗಳನ್ನು ಬಿಳಿಯ ಪಕ್ಕಕ್ಕೇ ಅಂಟಿಸಿದಂತೆ ಕೂರಿಸಿ. ದೂರ ದೂರ ಇಟ್ಟರೆ ಮರಳಿನ ಮೇಲೆ ಕೆಂಪು, ಹಸಿರು ನೆರಳುಗಳು ಬೇರೆ ಬೇರೆಯಾಗಿ ಕುಣಿದು ಕಣ್ಣಿಗೆ ಕಿರಿಕಿರಿಯಾಗುತ್ತದೆ.

ಉದಾಹರಣೆಯ ತೊಟ್ಟಿಗೆ ಎಷ್ಟು ಎಲ್‌ಇಡಿ ಸಾಕು?

3 ವ್ಯಾಟ್ ವರ್ಗದ 36 ಎಲ್‌ಇಡಿಗಳು, 12ರಂತೆ ಮೂರು ಸಾಲು: ಎರಡು ಸಾಲು ನೀಲಿ ಮತ್ತು ನೇರಳೆ, ಒಂದು ಸಾಲು ಬಿಳಿ. ಮೃದು ಹವಳಗಳನ್ನಷ್ಟೇ ಸಾಕುವವರಿಗೆ 24 ಸಾಕು. ಆದರೂ ನಾನು 36ನ್ನೇ ಸೂಚಿಸುತ್ತೇನೆ. ಎಲ್‌ಇಡಿಯಲ್ಲಿ ಹರಿಯುವ ಪ್ರವಾಹ ಹೆಚ್ಚಿದಂತೆ ಅದರ ದಕ್ಷತೆ ಇಳಿಯುತ್ತದೆ. ಹೆಚ್ಚು ಎಲ್‌ಇಡಿಗಳನ್ನು ಕಡಿಮೆ ಪ್ರವಾಹದಲ್ಲಿ ಉರಿಸಿದರೆ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಬೆಳಕು ದೊರೆಯುತ್ತದೆ, ಕಾವು ಕಡಿಮೆಯಾಗುತ್ತದೆ, ಬೆಳಕೂ ಸಮನಾಗಿ ಹರಡುತ್ತದೆ.

12 ವೋಲ್ಟಿನ ಅಡಾಪ್ಟರಿಗೆ ನೇರವಾಗಿ ಜೋಡಿಸಿದರೆ ಆಗದೇ? ಡ್ರೈವರ್ ಏಕೆ?

ಆಗದು. ಎಲ್‌ಇಡಿಗೆ ಬೇಕಿರುವುದು ಸ್ಥಿರ ವೋಲ್ಟೇಜ್ ಅಲ್ಲ, ಸ್ಥಿರ ಪ್ರವಾಹ. ವೋಲ್ಟೇಜ್ ಚೂರೇ ಚೂರು ಏರಿದರೂ ಪ್ರವಾಹ ಬಹಳಷ್ಟು ಏರುತ್ತದೆ. ಅಲ್ಲದೆ ಎಲ್‌ಇಡಿ ಬಿಸಿಯಾದಂತೆ ಅದಕ್ಕೆ ಬೇಕಾಗುವ ವೋಲ್ಟೇಜ್ ಇಳಿಯುವುದರಿಂದ ಪ್ರವಾಹ ಮತ್ತೆ ಹೆಚ್ಚುತ್ತದೆ, ಪ್ರವಾಹ ಹೆಚ್ಚಿದ್ದಕ್ಕೆ ಅದು ಮತ್ತೆ ಬಿಸಿಯಾಗುತ್ತದೆ, ಈ ಸುತ್ತು ಎಲ್‌ಇಡಿ ಸುಟ್ಟುಹೋದ ಮೇಲೆಯೇ ನಿಲ್ಲುವುದು. ಡ್ರೈವರ್ ಈ ಪ್ರವಾಹವನ್ನು ನಿಗದಿತ ಮಟ್ಟದಲ್ಲಿ ಕಟ್ಟಿಹಾಕುತ್ತದೆ.

ನಮ್ಮ ಲೆಕ್ಕ ನೋಡಿ. ನೀಲಿ ಅಥವಾ ಬಿಳಿ ಎಲ್‌ಇಡಿ ಒಂದಕ್ಕೆ 700 ಮಿಲಿಆಂಪಿಯರಿನಲ್ಲಿ 3.0ದಿಂದ 3.5 ವೋಲ್ಟ್ ಬೇಕು. ಹನ್ನೆರಡನ್ನು ಸರಣಿಯಲ್ಲಿ ಜೋಡಿಸಿದರೆ ಗರಿಷ್ಠ 42 ವೋಲ್ಟ್. 48 ವೋಲ್ಟಿನ ಒಂದು ಡಿಸಿ ಪವರ್ ಸಪ್ಲೈ ತೆಗೆದುಕೊಂಡು, ಸಾಲಿಗೊಂದರಂತೆ ಮೂರು ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ) ಡ್ರೈವರ್‌ಗಳನ್ನು ಹಾಕಬಹುದು. ಮೀನ್‌ವೆಲ್‌ನ ಎಲ್‌ಡಿಡಿ-700ಎಚ್ ಈ ಕೆಲಸಕ್ಕೆ ಹವ್ಯಾಸಿಗಳು ತುಂಬ ಬಳಸುವ ಡ್ರೈವರ್. ಇಂಥ ಡ್ರೈವರಿಗೆ ಬರುವ ವೋಲ್ಟೇಜ್, ಹೊರಡುವ ವೋಲ್ಟೇಜಿಗಿಂತ ಸುಮಾರು 3 ವೋಲ್ಟ್ ಹೆಚ್ಚಿರಬೇಕು. 48ರಲ್ಲಿ 3 ಕಳೆದರೆ 45. ಹನ್ನೆರಡು ಎಲ್‌ಇಡಿ ಸಲೀಸಾಗಿ ನಡೆಯುತ್ತವೆ. ಹದಿಮೂರನೆಯದನ್ನು ಸೇರಿಸಿದರೆ 45.5 ಆಗಿ ಸಾಲು ಮಿನುಗಲು ತೊಡಗಬಹುದು. ಒಟ್ಟು ಶಕ್ತಿ ಮೂರು ಸಾಲಿಗೆ 42 ಗುಣಿಸು 0.7, ಅಂದರೆ ಸುಮಾರು 88 ವ್ಯಾಟ್. ಡ್ರೈವರಿನಲ್ಲಿ ಸೋರುವುದನ್ನೂ ಸೇರಿಸಿ, ಸಪ್ಲೈಗೆ ಒಂದಿಷ್ಟು ಉಸಿರಾಡಲು ಬಿಟ್ಟು, 150 ವ್ಯಾಟಿನದನ್ನು ಆರಿಸಿ.

ಒಂದು ಸಾಲಿನ ಎಲ್ಲ ಎಲ್‌ಇಡಿಗಳಲ್ಲೂ ಒಂದೇ ಪ್ರವಾಹ ಹರಿಯುತ್ತದೆ. ಸಾಲಿನಲ್ಲಿರುವ ನೇರಳೆ ಎಲ್‌ಇಡಿಯ ಮಿತಿ 500 ಮಿಲಿಆಂಪಿಯರ್ ಆಗಿದ್ದರೆ ಆ ಇಡೀ ಸಾಲಿಗೆ 500ರ ಡ್ರೈವರನ್ನೇ ಹಾಕಬೇಕು.

ಒಂದೇ ದೊಡ್ಡ ಡ್ರೈವರಿನಿಂದ ಹಲವು ಸಾಲುಗಳನ್ನು ಸಮಾಂತರವಾಗಿ ನಡೆಸಬಹುದೇ?

ನಡೆಸುವವರಿದ್ದಾರೆ, ನಾನು ಮಾಡುವುದಿಲ್ಲ. ಎರಡು ಸಾಲುಗಳು ಪ್ರವಾಹವನ್ನು ಎಂದೂ ಸರಿಸಮನಾಗಿ ಹಂಚಿಕೊಳ್ಳುವುದಿಲ್ಲ, ಮತ್ತು ಒಂದು ಸಾಲಿನಲ್ಲಿ ಒಂದು ಬೆಸುಗೆ ಬಿಟ್ಟುಕೊಂಡರೆ ಅದರ ಪಾಲಿನ ಪ್ರವಾಹವೂ ಇನ್ನೊಂದರ ಮೇಲೆ ಬಿದ್ದು ಅದೂ ಸುಡುತ್ತದೆ. ಮಾಡಲೇಬೇಕಾದರೆ ಪ್ರತಿ ಸಾಲಿಗೂ ಅದರ ಪ್ರವಾಹಕ್ಕೆ ತಕ್ಕ ಫ್ಯೂಸ್ ಇರಲಿ.

ಹೀಟ್ ಸಿಂಕ್ ಎಷ್ಟು ದೊಡ್ಡದಿರಬೇಕು? ಎಲ್‌ಇಡಿ ತಣ್ಣಗಿರುತ್ತದೆಂದು ಹೇಳುತ್ತಾರಲ್ಲ?

ಎಲ್‌ಇಡಿಯ ಬೆಳಕಿನಲ್ಲಿ ಶಾಖ ಕಡಿಮೆ, ನಿಜ. ಆದರೆ ಒಳಹೋದ ವಿದ್ಯುತ್ತಿನ ಅರ್ಧದಷ್ಟಾದರೂ ಅದರ ಬೆನ್ನಿನಲ್ಲಿ ಶಾಖವಾಗಿ ಇಳಿಯುತ್ತದೆ. ನಮ್ಮ ದೀಪದಲ್ಲಿ ಅದು 40 ವ್ಯಾಟಿಗೂ ಮೀರಿದ್ದು, ಹೊರಹೋಗಲು ಅಲ್ಯೂಮಿನಿಯಮ್ಮನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಸುಮಾರು 50 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ, ಎತ್ತರದ ರೆಕ್ಕೆಗಳಿರುವ ಹೀಟ್ ಸಿಂಕ್, ಅಂದರೆ ಶಾಖವನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಮ್ ತಟ್ಟೆ, ತೆಗೆದುಕೊಂಡು, ಅದರ ಮೇಲೆ 120 ಮಿಲಿಮೀಟರಿನ ಒಂದು ಫ್ಯಾನನ್ನು ನಿಧಾನವಾಗಿ ಓಡಿಸಿ. 12 ವೋಲ್ಟಿನ ಫ್ಯಾನನ್ನು 8 ಅಥವಾ 9 ವೋಲ್ಟಿನಲ್ಲಿ ನಡೆಸಿದರೆ ಸದ್ದು ಕೇಳಿಸುವುದೇ ಇಲ್ಲ. ದೀಪ ಎರಡು ಗಂಟೆ ಪೂರ್ಣ ಪ್ರಮಾಣದಲ್ಲಿ ಉರಿದ ಮೇಲೆ ಹೀಟ್ ಸಿಂಕ್ ಮೇಲೆ ಅಂಗೈ ಇಟ್ಟು ನೋಡಿ. ಹತ್ತು ಸೆಕೆಂಡು ನೆಮ್ಮದಿಯಾಗಿ ಇಡಲಾಗದಿದ್ದರೆ ತಂಪು ಸಾಲದು.

ಶಾಖ ಎಲ್‌ಇಡಿಯಿಂದ ಲೋಹಕ್ಕೆ ದಾಟುವ ಜಾಗದ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಾನು ಕಟ್ಟಿದ ಮೊದಲ ದೀಪದ ಒಂದು ಸಾಲಿನಲ್ಲಿ ಒಂಬತ್ತನೆಯ ಎಲ್‌ಇಡಿ ಮಾತ್ರ ಆರು ತಿಂಗಳಿಗೇ ಮಂಕಾಯಿತು. ಸ್ಕ್ರೂ ಬಿಚ್ಚಿ ಅದರ ಸ್ಟಾರ್ ಹಲಗೆಯನ್ನು (ಎಲ್‌ಇಡಿ ಕುಳಿತಿರುವ ನಕ್ಷತ್ರಾಕಾರದ ಪುಟ್ಟ ಲೋಹದ ಹಲಗೆ) ಎತ್ತಿ ನೋಡಿದಾಗ ಒಂದು ಅಂಚಿನ ಥರ್ಮಲ್ ಪೇಸ್ಟ್ (ಶಾಖ ದಾಟಿಸಲು ನಡುವೆ ಹಚ್ಚುವ ಲೇಪ) ಮಾತ್ರ ಒತ್ತಿ ತೆಳ್ಳಗಾಗಿತ್ತು. ಎದುರಿನ ಅಂಚಿನಲ್ಲಿ ಅದು ಹಚ್ಚಿದ ಹಾಗೆಯೇ ದಪ್ಪಗೆ ಒಣಗಿ ಸುಣ್ಣದ ಪುಡಿಯಂತಾಗಿತ್ತು. ಕಾರಣ, ಸ್ಕ್ರೂ ತೂತು ಕೊರೆದಾಗ ಅದರ ಬಾಯಿಯ ಸುತ್ತ ಎದ್ದ ಅಲ್ಯೂಮಿನಿಯಮ್ಮಿನ ಒಂದು ಸಣ್ಣ ಮುಳ್ಳು. ಉಗುರಿಗೆ ತಗುಲುವಷ್ಟೇ ಇದ್ದ ಆ ಮುಳ್ಳು ಹಲಗೆಯನ್ನು ಒಂದು ಕಡೆ ಎತ್ತಿ ಹಿಡಿದಿತ್ತು. ಅಂದಿನಿಂದ ಪ್ರತಿ ತೂತಿನ ಬಾಯನ್ನೂ ದಪ್ಪ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಸವರಿ, ಮೇಲ್ಮೈಯನ್ನು ನುಣ್ಣನೆಯ ಮರಳುಕಾಗದದಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿದ ಮೇಲೆಯೇ ಪೇಸ್ಟ್ ಹಚ್ಚುತ್ತೇನೆ. ಪೇಸ್ಟ್ ಸಾಸಿವೆ ಕಾಳಿನ ಎರಡು ಮೂರರಷ್ಟಿದ್ದರೆ ಸಾಕು, ತೆಳುವಾಗಿ ಹರಡಬೇಕು. ಅಂಟುವ ಥರ್ಮಲ್ ಅಡೆಸಿವ್ ಸುಲಭವಾದರೂ, ಮುಂದೆ ಒಂದೇ ಒಂದು ಎಲ್‌ಇಡಿ ಬದಲಿಸಬೇಕಾದಾಗ ಉಳಿಯಿಂದ ಕೀಳಬೇಕಾಗುತ್ತದೆ. ಸ್ಕ್ರೂ ಮತ್ತು ಪೇಸ್ಟ್ ಎಂದಿಗೂ ಮೇಲು.

ಬೆಸುಗೆ ಹಿಡಿಯುತ್ತಲೇ ಇಲ್ಲ, ಏನು ಮಾಡಲಿ?

ಸ್ಟಾರ್ ಹಲಗೆ ಲೋಹದ್ದು, ಕಾವನ್ನು ಕೂಡಲೇ ಹೀರಿಬಿಡುತ್ತದೆ. ಅದನ್ನು ಹೀಟ್ ಸಿಂಕ್ ಮೇಲೆ ಕೂರಿಸಿದ ನಂತರ ಬೆಸೆಯಲು ಹೋದರೆ ಇನ್ನೂ ಕಷ್ಟ. ಆದ್ದರಿಂದ ಹಲಗೆಗಳನ್ನು ಮೊದಲೇ ಒಂದು ಮರದ ತುಂಡಿನ ಮೇಲಿಟ್ಟು, 60 ವ್ಯಾಟಿನ ಸೋಲ್ಡರಿಂಗ್ ಐರನ್‌ಗೆ ಅಗಲ ತುದಿ ಹಾಕಿ, ಎಲ್ಲ ಪ್ಯಾಡುಗಳ ಮೇಲೂ ಗುಂಡನೆಯ ಸೀಸದ ಹನಿ ಕೂರಿಸಿಕೊಳ್ಳಿ. ವೈರಿನ ತುದಿಗಳಿಗೂ ಮೊದಲೇ ಸೀಸ ಸವರಿಡಿ. ಆಮೇಲೆ ಜೋಡಿಸುವಾಗ ಎರಡೂ ಕ್ಷಣದಲ್ಲಿ ಒಂದಾಗುತ್ತವೆ. ಹೊಳೆಯುವ ಬೆಸುಗೆ ಒಳ್ಳೆಯದು. ಮಂಕಾಗಿ ಕಾಳುಕಾಳಾಗಿರುವುದನ್ನು ಮತ್ತೆ ಕರಗಿಸಿ.

ಎಲ್ಲ ಮುಗಿದ ಮೇಲೆ ಮಲ್ಟಿಮೀಟರನ್ನು ಬೀಪ್ ಮೋಡ್‌ನಲ್ಲಿಟ್ಟು, ಪ್ರತಿ ಪ್ಯಾಡು ಮತ್ತು ಹೀಟ್ ಸಿಂಕ್ ನಡುವೆ ಪರೀಕ್ಷಿಸಿ. ಎಲ್ಲಿಯಾದರೂ ಸದ್ದು ಬಂದರೆ ಸ್ಕ್ರೂವಿನ ತಲೆಯೋ ಸೀಸದ ಹನಿಯೋ ಲೋಹಕ್ಕೆ ತಾಗಿದೆ ಎಂದರ್ಥ. ಅದನ್ನು ಸರಿಪಡಿಸದೆ ವಿದ್ಯುತ್ ಕೊಡಬೇಡಿ. ಚಾಲನೆಯಲ್ಲಿರುವ ಡ್ರೈವರಿಗೆ ಎಲ್‌ಇಡಿ ಸಾಲನ್ನು ಜೋಡಿಸುವುದೂ ಕೂಡದು: ಖಾಲಿ ಬಿಟ್ಟ ಡ್ರೈವರಿನ ತುದಿಯಲ್ಲಿ ವೋಲ್ಟೇಜ್ ಏರಿ ಕುಳಿತಿರುತ್ತದೆ, ತಾಗಿದೊಡನೆ ಆ ಸಾಲು ಸುಡಬಹುದು.

ಲೆನ್ಸ್ ಬೇಕೇ?

ಬರಿಯ ಎಲ್‌ಇಡಿಯ ಬೆಳಕು ಸುಮಾರು 120 ಡಿಗ್ರಿ ಹರಡುತ್ತದೆ. 45 ಸೆಂಟಿಮೀಟರ್ ಎತ್ತರದ ತೊಟ್ಟಿಗೆ, ದೀಪ ನೀರಿನಿಂದ 20 ಸೆಂಟಿಮೀಟರ್ ಮೇಲಿದ್ದರೆ, 80 ಅಥವಾ 90 ಡಿಗ್ರಿಯ ಲೆನ್ಸ್ ಹಾಕಿದರೆ ಕೋಣೆಗೆ ಚೆಲ್ಲಿಹೋಗುವ ಬೆಳಕು ತೊಟ್ಟಿಯೊಳಗೇ ಬೀಳುತ್ತದೆ. 60 ಸೆಂಟಿಮೀಟರಿಗಿಂತ ಆಳವಾದ ತೊಟ್ಟಿಗಳಿಗೆ 60 ಡಿಗ್ರಿ ಸರಿ. 40 ಡಿಗ್ರಿಯದನ್ನು ಆಳವಿಲ್ಲದ ತೊಟ್ಟಿಗೆ ಹಾಕಿದರೆ ಬೆಳಕು ಬೊಟ್ಟು ಬೊಟ್ಟಾಗಿ ಬಿದ್ದು, ಒಂದೇ ಹವಳದ ಒಂದು ಕವಲು ಸುಟ್ಟು ಪಕ್ಕದ ಕವಲು ಕಂದಾಗುತ್ತದೆ.

ಉಪ್ಪಿನ ತೇವದಿಂದ ಕಾಪಾಡುವುದು ಹೇಗೆ?

ಗಾಳಿಗುಳ್ಳೆ ಒಡೆದಾಗಲೆಲ್ಲ ಉಪ್ಪುನೀರಿನ ಕಣ್ಣಿಗೆ ಕಾಣದ ಹನಿಗಳು ಮೇಲಕ್ಕೆ ಸಿಡಿಯುತ್ತವೆ. ಅವು ಬೆಸುಗೆಯ ಮೇಲೆ ಕುಳಿತರೆ ಕೆಲವೇ ತಿಂಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಎಲ್‌ಇಡಿಗಳ ಕೆಳಗೆ 3 ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್ ಹಾಳೆ ಕಟ್ಟಿ. ಅದು ಬೆಳಕಿನಲ್ಲಿ ನೂರಕ್ಕೆ ಎಂಟರಷ್ಟನ್ನು ಮಾತ್ರ ತಡೆಯುತ್ತದೆ. ಆದರೆ ವಾರಕ್ಕೊಮ್ಮೆ ಒರೆಸದಿದ್ದರೆ ಉಪ್ಪಿನ ಪೊರೆ ಅದಕ್ಕಿಂತ ಹೆಚ್ಚನ್ನು ತಿನ್ನುತ್ತದೆ. ಫ್ಯಾನ್ ಹೊರಗಿನ ಒಣಗಾಳಿಯನ್ನು ರೆಕ್ಕೆಗಳ ಮೇಲೆ ಊದಬೇಕು, ತೊಟ್ಟಿಯ ಮೇಲಿನ ತೇವದ ಗಾಳಿಯನ್ನು ಎಳೆಯಬಾರದು.

ಬೆಸುಗೆಗಳನ್ನು ಮುಚ್ಚಲು ಸಿಲಿಕೋನ್ ಬಳಸುವವರು ಒಂದು ವಿಷಯ ಗಮನಿಸಬೇಕು. ತೊಟ್ಟಿಯ ಗಾಜು ಅಂಟಿಸುವ, ವಿನಿಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ವಿದ್ಯುತ್ ಕೆಲಸಕ್ಕೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಆರಿಸಿ.

ನೀರಿನ ಮೇಲೆ ವಿದ್ಯುತ್ ತೂಗುಹಾಕುವುದು ಅಪಾಯವಲ್ಲವೇ?

ಅಪಾಯವೇ. ಆದ್ದರಿಂದ ಈ ಭಾಗದಲ್ಲಿ ಹಣವನ್ನಾಗಲಿ ಶ್ರಮವನ್ನಾಗಲಿ ಉಳಿಸಲು ಹೋಗಬೇಡಿ. ಇಡೀ ತೊಟ್ಟಿಯ ವಿದ್ಯುತ್ ಮಾರ್ಗ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್ಚು) ಮೂಲಕ ಬರಲಿ. ಮುಖ್ಯ ವಿದ್ಯುತ್ತಿನ ಸಪ್ಲೈ ತೊಟ್ಟಿಯ ಮೇಲಾಗಲಿ ನೇರ ಕೆಳಗಾಗಲಿ ಇರದೆ, ಪಕ್ಕದ ಗೋಡೆಯ ಮೇಲೆ ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ದೀಪದವರೆಗೆ ಬರುವುದು 48 ವೋಲ್ಟಿನ ಡಿಸಿ ಮಾತ್ರ. ಸಪ್ಲೈ ಪ್ರತ್ಯೇಕಿತ (ಐಸೊಲೇಟೆಡ್) ಬಗೆಯದಾಗಿರಬೇಕು, ಅಂದರೆ ಅದರ ಡಿಸಿ ತುದಿಗೂ ಮುಖ್ಯ ವಿದ್ಯುತ್ತಿಗೂ ನೇರ ಸಂಪರ್ಕ ಇರಬಾರದು. ಹೀಟ್ ಸಿಂಕನ್ನು ಅರ್ತ್ ತಂತಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಪ್ರತಿ ವೈರೂ ಪ್ಲಗ್ಗಿಗೆ ಏರುವ ಮೊದಲು ಕೆಳಕ್ಕೆ ಒಂದು ಬಾಗು ಬಳಸಿ ಬರಲಿ, ಆಗ ವೈರಿನ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ದೀಪವನ್ನು ಎರಡು ಸ್ವತಂತ್ರ ತಂತಿಗಳಿಂದ ತೂಗುಹಾಕಿ, ಒಂದು ಹರಿದರೂ ಇನ್ನೊಂದು ಹಿಡಿದಿರಬೇಕು. ಮುಖ್ಯ ವಿದ್ಯುತ್ತಿನ ಜೋಡಣೆಯಲ್ಲಿ ಕೈ ಪಳಗಿಲ್ಲದವರು ಆ ಒಂದು ಕೆಲಸವನ್ನು ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಕಣ್ಣಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ರಾಯಲ್ ಬ್ಲೂ ಬೆಳಕು ಅಕ್ಷಿಪಟಲಕ್ಕೆ ಹೆಚ್ಚು ಹಾನಿ ಮಾಡಬಲ್ಲ ತರಂಗಾಂತರದ ಪಕ್ಕದಲ್ಲೇ ಇದೆ, ನೋಡಲು ಮಾತ್ರ ಅಷ್ಟು ಪ್ರಖರವೆನಿಸುವುದಿಲ್ಲ. ಪರೀಕ್ಷಿಸುವಾಗ ದೀಪವನ್ನು ಸದಾ ಬೋರಲು ಮಾಡಿ, ಬಿಳಿ ಹಾಳೆಯ ಮೇಲೆ ಬಿದ್ದ ಬೆಳಕನ್ನು ನೋಡಿ. ಮಕ್ಕಳಿರುವ ಮನೆಯಲ್ಲಿ ಅವರ ಕಣ್ಣಿನ ಎತ್ತರಕ್ಕೆ ಎಲ್‌ಇಡಿ ಕಾಣದಂತೆ ಸುತ್ತ ಅಂಚುಪಟ್ಟಿ ಕಟ್ಟಿ.

ಬೆಳಗ್ಗೆ ನಿಧಾನವಾಗಿ ಏರಿ ಸಂಜೆ ಇಳಿಯುವಂತೆ ಮಾಡಲು ಆರ್ಡುಯಿನೊ ಬಳಸಬಹುದೇ?

ಬಳಸಬಹುದು. ಆರ್ಡುಯಿನೊ ಎಂದರೆ ನಾವೇ ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ನಿಯಂತ್ರಕ ಹಲಗೆ. ಎಲ್‌ಡಿಡಿ ಡ್ರೈವರುಗಳು 100ರಿಂದ 1000 ಹರ್ಟ್ಸ್‌ವರೆಗಿನ ಪಿಡಬ್ಲ್ಯುಎಂ ಸಂಕೇತವನ್ನು, ಅಂದರೆ ವೇಗವಾಗಿ ಆನ್ ಆಫ್ ಆಗುತ್ತ ಬೆಳಕಿನ ಪ್ರಮಾಣವನ್ನು ನಿಯಂತ್ರಿಸುವ ಸಂಕೇತವನ್ನು, ಒಪ್ಪುತ್ತವೆ. ಆರ್ಡುಯಿನೊ ಊನೊದ ಪಿನ್ನುಗಳು ತಾವಾಗಿಯೇ ಸುಮಾರು 490 ಅಥವಾ 980 ಹರ್ಟ್ಸ್‌ನಲ್ಲಿ ನಡೆಯುವುದರಿಂದ ನೇರ ಹೊಂದಿಕೆಯಾಗುತ್ತದೆ. ಸಮಯಕ್ಕೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಸಾಕು. ಆರ್ಡುಯಿನೊದ ಗ್ರೌಂಡ್, ಡ್ರೈವರಿಗೆ ಒಳಬರುವ ಋಣ ತುದಿಯೊಂದಿಗೆ ಸೇರಬೇಕು. ಎಲ್‌ಇಡಿಗೆ ಹೊರಹೋಗುವ ಋಣ ತುದಿಯನ್ನು ಮಾತ್ರ ಅದಕ್ಕೆ ಎಂದೂ ಸೇರಿಸಬಾರದು. ಇನ್ನೊಂದು ಅಂಶವನ್ನು ಹಲವರು ಗಮನಿಸುವುದಿಲ್ಲ: ಈ ಡ್ರೈವರುಗಳ ನಿಯಂತ್ರಣ ಪಿನ್ ಎಲ್ಲಿಗೂ ಜೋಡಣೆಯಾಗದೆ ಇದ್ದರೆ ದೀಪ ಪೂರ್ಣ ಪ್ರಮಾಣದಲ್ಲಿ ಉರಿಯುತ್ತದೆ. ಆರ್ಡುಯಿನೊ ಕೆಟ್ಟರೆ ಅಥವಾ ಅದರ ವೈರು ಕಳಚಿದರೆ ಹವಳದ ಮೇಲೆ ರಾತ್ರಿಯಿಡೀ ನಡುಮಧ್ಯಾಹ್ನ. ಆದ್ದರಿಂದ 48 ವೋಲ್ಟಿನ ಸಪ್ಲೈಯನ್ನೇ ಒಂದು ಸಾಮಾನ್ಯ ಟೈಮರಿನ ಮೂಲಕ ಕೊಟ್ಟು, ದಿನಕ್ಕೆ 10 ಗಂಟೆಗಿಂತ ಹೆಚ್ಚು ವಿದ್ಯುತ್ತೇ ಬಾರದಂತೆ ನೋಡಿಕೊಳ್ಳಿ.

ಹೊಸ ದೀಪ ಹಾಕಿದ ವಾರದಲ್ಲೇ ಹವಳ ಬಿಳಿಚಿಕೊಂಡಿತು. ದೀಪವೇ ಸರಿಯಿಲ್ಲವೇ?

ದೀಪ ಸರಿಯಿದೆ, ಅವಸರವಾಯಿತು. ಹಳೆಯ ಮಂದ ಬೆಳಕಿಗೆ ತಕ್ಕಂತೆ ಹವಳ ತನ್ನೊಳಗಿನ ಪಾಚಿಯನ್ನೂ ವರ್ಣದ್ರವ್ಯವನ್ನೂ ಹೊಂದಿಸಿಕೊಂಡಿರುತ್ತದೆ, ಅದನ್ನು ಬದಲಿಸಿಕೊಳ್ಳಲು ವಾರಗಳು ಬೇಕು. ಹೊಸ ದೀಪವನ್ನು 30 ಪ್ರತಿಶತದಲ್ಲಿ, ದಿನಕ್ಕೆ ಆರು ಗಂಟೆಯಂತೆ ಪ್ರಾರಂಭಿಸಿ, ವಾರಕ್ಕೆ ಹತ್ತರಷ್ಟು ಮಾತ್ರ ಏರಿಸಿ. ಪೂರ್ಣ ಪ್ರಮಾಣಕ್ಕೆ ಹೋಗಬೇಕಾದ ಅಗತ್ಯ ಎಷ್ಟೋ ತೊಟ್ಟಿಗಳಲ್ಲಿ ಬರುವುದೇ ಇಲ್ಲ. ನನ್ನ ತೊಟ್ಟಿಯಲ್ಲಿ ಒಮ್ಮೆ ಇದನ್ನು ಮೀರಿ ನೇರವಾಗಿ 70ಕ್ಕೆ ಇಟ್ಟೆ. ನಾಲ್ಕನೆಯ ದಿನ ಗುಲಾಬಿ ಸೀರಿಯಟೊಪೋರಾದ ಮೇಲ್ತುದಿಗಳು ಬಿಳಿಯಾಗಿದ್ದವು, ಬಂಡೆಯ ನೆರಳಿನಲ್ಲಿದ್ದ ಕವಲುಗಳು ಮಾತ್ರ ಗುಲಾಬಿಯಾಗಿಯೇ ಉಳಿದಿದ್ದವು. ತಪ್ಪು ಯಾರದೆಂದು ಆ ನೆರಳಿನ ಗೆರೆಯೇ ಹೇಳುತ್ತಿತ್ತು.

ಬಿಳಿಚಿದ ಹವಳ ಸತ್ತಿಲ್ಲ. ಅಂಗಾಂಶ ಇನ್ನೂ ಇದೆಯೇ ನೋಡಿ, ಬೆಳಕನ್ನು ಅರ್ಧಕ್ಕೆ ಇಳಿಸಿ, ನೀರಿನ ಉಷ್ಣತೆ ಮತ್ತು ಕ್ಷಾರತೆ ಏರುಪೇರಾಗದಂತೆ ಕಾಯಿರಿ. ಜಾಗ ಬದಲಿಸುತ್ತ, ಪದೇ ಪದೇ ಮುಟ್ಟುತ್ತ ಹೋಗಬೇಡಿ. ಬಣ್ಣ ಮರಳಲು ತಿಂಗಳುಗಳೇ ಹಿಡಿಯಬಹುದು.

ಎಲ್‌ಇಡಿ ಹಾಕಿದ ಮೇಲೆ ಪಾಚಿ ಹೆಚ್ಚಾಯಿತು. ಬಣ್ಣ ಬದಲಿಸಬೇಕೇ?

ಮೊದಲು ನೈಟ್ರೇಟ್ ಮತ್ತು ಫಾಸ್ಫೇಟ್ ಪರೀಕ್ಷಿಸಿ. ಬೆಳಕು ಹೆಚ್ಚಿದಾಗ ನೀರಿನಲ್ಲಿ ಮೊದಲೇ ಇದ್ದ ಪೋಷಕಾಂಶ ಪಾಚಿಯಾಗಿ ಕಣ್ಣಿಗೆ ಬೀಳುತ್ತದೆ. ಬಿಳಿಯ ಪಾಲನ್ನು ತುಸು ಇಳಿಸುವುದು ತಾತ್ಕಾಲಿಕ ನೆರವಾಗಬಹುದು.

ಒಂದು ಸಾಲು ಪೂರ್ತಿ ಆರಿಹೋಯಿತು. ಎಲ್ಲ ಎಲ್‌ಇಡಿಗಳೂ ಸುಟ್ಟವೇ?

ಬಹುಶಃ ಒಂದೇ ಒಂದು, ಅಥವಾ ಒಂದು ಬೆಸುಗೆ. ಸರಣಿಯಲ್ಲಿ ಎಲ್ಲಿ ಕಡಿದರೂ ಇಡೀ ಸಾಲು ಆರುತ್ತದೆ. ವಿದ್ಯುತ್ ತೆಗೆದು, ಎರಡು ಎಎ ಸೆಲ್‌ಗಳನ್ನು ಸರಣಿಯಲ್ಲಿ ಹಿಡಿದು ಒಂದೊಂದೇ ಎಲ್‌ಇಡಿಯ ಧನ ಋಣ ಪ್ಯಾಡುಗಳಿಗೆ ಮುಟ್ಟಿಸಿ. ಸರಿಯಿರುವುದು ಮಂದವಾಗಿ ಬೆಳಗುತ್ತದೆ. ಎಲ್ಲವೂ ಬೆಳಗಿದರೆ ದೋಷ ವೈರಿನಲ್ಲೋ ಡ್ರೈವರಿನಲ್ಲೋ ಇದೆ. ಪಕ್ಕದ ಸಾಲಿನ ಡ್ರೈವರನ್ನು ಅದಲುಬದಲು ಮಾಡಿದರೆ ತಿಳಿಯುತ್ತದೆ.

ಎಲ್‌ಇಡಿಗಳನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು?

ಒಳ್ಳೆಯ ತಯಾರಿಕೆಯ ಎಲ್‌ಇಡಿ, ತಂಪಾಗಿಟ್ಟರೆ, ತನ್ನ ಬೆಳಕಿನ ಮೂವತ್ತು ಪ್ರತಿಶತ ಕಳೆದುಕೊಳ್ಳಲು 50,000 ಗಂಟೆ ಹಿಡಿಯುತ್ತದೆಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ದಿನಕ್ಕೆ 10 ಗಂಟೆಯಂತೆ ಅದು 13 ವರ್ಷ ದಾಟುತ್ತದೆ. ಅದಕ್ಕೆ ಮೊದಲೇ ಫ್ಯಾನ್, ಪವರ್ ಸಪ್ಲೈ, ಉಪ್ಪು ಹಿಡಿದ ಕನೆಕ್ಟರುಗಳು ಕೈಕೊಡುತ್ತವೆ. ವರ್ಷಕ್ಕೊಮ್ಮೆ ದೀಪ ಇಳಿಸಿ, ರೆಕ್ಕೆಗಳ ನಡುವಿನ ಧೂಳು ತೆಗೆದು, ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿ, ಪ್ರತಿ ಸ್ಕ್ರೂವನ್ನೂ ಕಾಲು ಸುತ್ತು ಬಿಗಿಸಿ, ಹಳೆಯ ಪಾರ್ ಹಾಳೆಯ ಪಕ್ಕದಲ್ಲಿ ಹೊಸ ಅಳತೆಯನ್ನು ಬರೆದಿಡಿ.